ಸಿಲಿಂಡರೋ, ಮಶೀನೋ, ಬೈಪ್ಯಾಪೋ? ಮುಂಬೈ ಮನೆಗೆ ಉಸಿರಿನ ಆಸರೆ ತರುವ ಮುಂಚೆ

ಡಾಕ್ಟರು ‘ನಾಳೆ ಡಿಸ್ಚಾರ್ಜ್’ ಅಂದರೆ ಸಾಕು, ಬಾಡಿಗೆ ಮಶೀನಿನವರ ಫೋನು ಶುರುವಾಗುತ್ತದೆ. ಒಬ್ಬ ಸಿಲಿಂಡರ್ ಅನ್ನುತ್ತಾನೆ, ಇನ್ನೊಬ್ಬ ಗಾಳಿಯಿಂದಲೇ ಆಕ್ಸಿಜನ್ ತೆಗೆಯುವ ಕಾನ್ಸಂಟ್ರೇಟರ್ ಅನ್ನುತ್ತಾನೆ. ಮೂರನೆಯವನು ಮಾಸ್ಕಿನ ಮೂಲಕ ಗಾಳಿ ಒತ್ತಿ ಕೊಡುವ ಬೈಪ್ಯಾಪ್ ಇದ್ದರೆ ಎಲ್ಲದಕ್ಕೂ ಆಯಿತು ಅನ್ನುತ್ತಾನೆ. ನಾನು ಮುಂಬೈಯಲ್ಲಿ ಐಸಿಯು ನರ್ಸ್. ಕುಂದಾಪುರದವರು, ಕಾರ್ಕಳದವರು, ವಿಜಯಪುರ-ಕಲಬುರಗಿ ಕಡೆಯವರು, ನನ್ನ ಬಾಯಲ್ಲಿ ಕನ್ನಡ ಕೇಳಿದ ಕೂಡಲೇ ‘ಅಕ್ಕಾ, ಒಂದ್ನಿಮಿಷ’ ಅಂತ ಪಕ್ಕಕ್ಕೆ ಕರೆಯುತ್ತಾರೆ. ಯಾವ ಮಶೀನು ಒಳ್ಳೆಯದು ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಪೇಷಂಟಿಗೆ ಆಕ್ಸಿಜನ್ ಒಳಗೆ ಹೋಗುತ್ತಿಲ್ಲವೋ, ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತಿಲ್ಲವೋ?

ಹೆಚ್ಚಿನವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಆದರೆ ಮುಂದಿನ ಆಯ್ಕೆ ಪೂರ್ತಿ ನಿಂತಿರುವುದು ಇದರ ಮೇಲೆ.

ಮೊದಲು ರಿಪೋರ್ಟ್ ನೋಡಿ

ಶ್ವಾಸಕೋಶಕ್ಕೆ ಎರಡು ಕೆಲಸ. ಗಾಳಿಯಿಂದ ಆಕ್ಸಿಜನ್ನನ್ನು ರಕ್ತಕ್ಕೆ ಕೊಡುವುದು ಒಂದು. ರಕ್ತದ ಕಾರ್ಬನ್ ಡೈಆಕ್ಸೈಡನ್ನು ಹೊರಗೆ ಹಾಕುವುದು ಇನ್ನೊಂದು. ನ್ಯುಮೋನಿಯಾ ಆದಾಗ, ಶ್ವಾಸಕೋಶ ಗಟ್ಟಿಯಾಗುವ ಫೈಬ್ರೋಸಿಸ್‌ನಲ್ಲಿ, ಸಾಮಾನ್ಯವಾಗಿ ಮೊದಲನೆಯದು ಕೆಡುತ್ತದೆ. ಶ್ವಾಸನಾಳ ಕಿರಿದಾಗಿ ವರ್ಷಗಟ್ಟಲೆ ಕಾಡುವ ಸಿಒಪಿಡಿ ಮುಂದುವರಿದಾಗ, ಸ್ನಾಯು ಸೋಲುವ ಕಾಯಿಲೆಗಳಲ್ಲಿ, ಬೆನ್ನು ತುಂಬಾ ಬಾಗಿದವರಲ್ಲಿ, ಬೊಜ್ಜು ತೀರಾ ಜಾಸ್ತಿ ಇರುವವರಲ್ಲಿ ಎರಡನೆಯದೂ ಕೆಡುತ್ತದೆ. ಅವರ ಎದೆ ದಣಿದ ಕಮ್ಮಾರನ ತಿದಿಯ ಹಾಗೆ. ಗಾಳಿಯಲ್ಲಿ ತೊಂದರೆ ಇಲ್ಲ, ಒತ್ತುವ ಕೈ ಸೋತಿದೆ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮೊದಲನೆಯದನ್ನು ಮಾತ್ರ ತೋರಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಮಾಡುವ ಎಬಿಜಿ ಬೇಕು. ಆ ಚೀಟಿಯಲ್ಲಿ ಪಿಸಿಒ2 ಅಂತ ಇರುತ್ತದೆ, ಅದೇ ಕಾರ್ಬನ್ ಡೈಆಕ್ಸೈಡಿನ ಲೆಕ್ಕ. ಸಾಮಾನ್ಯ ಮಟ್ಟ 35ರಿಂದ 45. ಡಿಸ್ಚಾರ್ಜ್ ಫೈಲಿನಲ್ಲಿ ಕೊನೆಯ ಎಬಿಜಿ ಇಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಿ. ಕೇಳೋದಕ್ಕೆ ಸಂಕೋಚ ಬೇಡ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹಳೇ ಸಿಒಪಿಡಿಯವರು ಮನೆಗೆ ಹೋಗುತ್ತಾರೆ. ಆಕ್ಸಿಮೀಟರಿನಲ್ಲಿ ಸ್ಯಾಚುರೇಷನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, ಶೇಕಡಾ 89 ಕಂಡ ಮಗ ಗಾಬರಿಯಾಗಿ ಆಕ್ಸಿಜನ್ ಏರಿಸುತ್ತಾನೆ. 98 ಬಂತು, ಎಲ್ಲರಿಗೂ ಸಮಾಧಾನ. ಅಪ್ಪ ನಿದ್ದೆ ಮಾಡುತ್ತಿದ್ದಾರೆ, ಪಾಪ, ಎಷ್ಟು ದಿನದ ಮೇಲೆ ನಿದ್ದೆ ಬಂತು ಅಂತ ಸುಮ್ನೆ ಬಿಡುತ್ತಾರೆ. ಅದು ನಿದ್ದೆ ಆಗಿರದೇ ಇರಬಹುದು. ಇಂಥ ರೋಗಿಗಳಿಗೆ ಆಕ್ಸಿಜನ್ ಜಾಸ್ತಿಯಾದರೆ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಅದಕ್ಕೇ ಅವರಿಗೆ ಗುರಿ 88ರಿಂದ 92. ಉಳಿದ ಹೆಚ್ಚಿನ ರೋಗಿಗಳಿಗೆ 94ರಿಂದ 98. ನಿಮ್ಮವರಿಗೆ ಯಾವುದು ಅಂತ ಡಾಕ್ಟರ ಕೈಯಲ್ಲೇ ಬರೆಸಿ ಗೋಡೆಗೆ ಅಂಟಿಸಿ. ಬೆಳಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ, ಮಾತು ತೊದಲುವುದು, ಕೈ ನಡುಗುವುದು ಕಂಡರೆ ಆಕ್ಸಿಮೀಟರ್ ಏನೇ ಹೇಳಲಿ, ಆಸ್ಪತ್ರೆಗೆ ಹೊರಡಿ. ಮಹಾರಾಷ್ಟ್ರದಲ್ಲೂ ಆಂಬುಲೆನ್ಸ್ ನಂಬರ್ 108.

ಆಕ್ಸಿಮೀಟರನ್ನೂ ಪೂರ್ತಿ ನಂಬಬೇಡಿ. ಉಗುರಿಗೆ ಬಣ್ಣ ಇದ್ದರೆ, ಕೈ ತಣ್ಣಗಿದ್ದರೆ ಲೆಕ್ಕ ತಪ್ಪುತ್ತದೆ. ಚರ್ಮ ಕಪ್ಪಾದಷ್ಟೂ ಅದು ಇರುವುದಕ್ಕಿಂತ ಜಾಸ್ತಿ ತೋರಿಸುವ ಸಂಭವ ಇದೆ ಅಂತ ಅಮೆರಿಕದಲ್ಲಿ 2020ರಲ್ಲಿ ಬಂದ ಅಧ್ಯಯನ ತೋರಿಸಿತು. ನಮ್ಮ ಬಣ್ಣದವರು ಇದನ್ನು ನೆನಪಿಟ್ಟುಕೊಳ್ಳಬೇಕು, ಅಲ್ವಾ?

ಸಿಲಿಂಡರ್ ಅಥವಾ ಕಾನ್ಸಂಟ್ರೇಟರ್

ಬರೀ ಆಕ್ಸಿಜನ್ ಸಾಕು ಅಂತಾದರೆ ಇವೆರಡರಲ್ಲಿ ಒಂದು. ಕಾನ್ಸಂಟ್ರೇಟರ್ ಆಕ್ಸಿಜನ್ ತುಂಬಿಟ್ಟುಕೊಳ್ಳುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು, ಜಿಯೋಲೈಟ್ ಹರಳುಗಳಲ್ಲಿ ನೈಟ್ರೋಜನ್ ತಡೆದು, ಉಳಿದ ಆಕ್ಸಿಜನ್ ಕೊಡುತ್ತದೆ. ಒಳ್ಳೆಯ ಮಶೀನಿನಿಂದ ಬರುವ ಗಾಳಿಯಲ್ಲಿ 90ರಿಂದ 96 ಶೇಕಡಾ ಆಕ್ಸಿಜನ್ ಇರುತ್ತದೆ. ಕರೆಂಟ್ ಇರುವವರೆಗೆ ಮುಗಿಯುವ ಭಯ ಇಲ್ಲ. ಸಿಲಿಂಡರಿಗೆ ಕರೆಂಟ್ ಬೇಡ, ಆದರೆ ಅದು ಮುಗಿಯುತ್ತದೆ. ಎಷ್ಟು ಬೇಗ ಅಂತ ಲೆಕ್ಕ ಹಾಕಿ ನೋಡಿದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 2 ಲೀಟರ್ ಬಿಟ್ಟರೆ ಹನ್ನೆರಡು ಗಂಟೆ ಚಿಲ್ಲರೆ. 5 ಲೀಟರ್ ಬಿಟ್ಟರೆ ಐದೇ ಗಂಟೆ. ಜಂಬೋ ಅನ್ನುವ ದೊಡ್ಡ ಡಿ ಟೈಪಿನಲ್ಲಿ 7000 ಲೀಟರ್. 5 ಲೀಟರಿನಲ್ಲಿ ಅದೂ ಒಂದು ದಿನ ದಾಟುವುದಿಲ್ಲ. ಅದನ್ನು ಡೊಂಬಿವಲಿಯ ಲಿಫ್ಟ್ ಇಲ್ಲದ ಬಿಲ್ಡಿಂಗಿನ ನಾಲ್ಕನೇ ಮಾಳಿಗೆಗೆ ದಿನಾ ಹೊರುವವರು ಯಾರು? ದಿನವಿಡೀ ಆಕ್ಸಿಜನ್ ಬೇಕಾದವರಿಗೆ ಕಾನ್ಸಂಟ್ರೇಟರ್ ಮುಖ್ಯ, ಸಿಲಿಂಡರ್ ಜೊತೆಗೆ. ನನ್ನ ಮಟ್ಟಿಗೆ ಇದರಲ್ಲಿ ಎರಡನೇ ಮಾತಿಲ್ಲ. ಕೊನೆಯ ಕೆಲವೇ ದಿನಗಳಿಗೆ ಬೇಕಿದ್ದರೆ, ಅಥವಾ ಮನೆಯ ವೈರಿಂಗ್ ತೀರಾ ಹಳೆಯದಾಗಿದ್ದರೆ, ಆಗ ಸಿಲಿಂಡರನ್ನೇ ಮುಖ್ಯ ಮಾಡಿಕೊಳ್ಳಬಹುದು.

‘ಮುಂಬೈಯಲ್ಲಿ ಕರೆಂಟ್ ಹೋಗಲ್ಲ ಅಕ್ಕಾ’ ಅಂತ ದಕ್ಷಿಣ ಮುಂಬೈಯವರು ಹೇಳುತ್ತಾರೆ. 2020ರ ಅಕ್ಟೋಬರ್ 12ರಂದು ನಗರದ ಬಹುಭಾಗಕ್ಕೆ ಗಂಟೆಗಟ್ಟಲೆ ಕರೆಂಟ್ ಇರಲಿಲ್ಲ. ಲೋಕಲ್ ಟ್ರೇನುಗಳೂ ನಿಂತಿದ್ದವು. ಠಾಣೆ, ಕಲ್ಯಾಣ ಕಡೆಯವರಿಗೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೊಸದೇನಲ್ಲ. 5 ಲೀಟರಿನ ಮಶೀನ್ 350 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ. ಮನೆಯ ಮಾಮೂಲಿ 150 ಆಂಪ್ ಅವರ್ ಬ್ಯಾಟರಿಯ ಇನ್ವರ್ಟರಿನಲ್ಲಿ ಅದು ಮೂರು ಗಂಟೆ ನಡೆಯಬಹುದು, ಬ್ಯಾಟರಿ ಹಳೆಯದಾದರೆ ಇನ್ನೂ ಕಡಿಮೆ. ಒಂದು ಬಿ ಟೈಪ್ ಸಿಲಿಂಡರ್, ರೆಗ್ಯುಲೇಟರ್ ಮತ್ತು ಸ್ಪ್ಯಾನರ್ ಸಮೇತ, ಹಾಸಿಗೆಯ ಪಕ್ಕ ಗೋಡೆಗೆ ಸರಪಳಿ ಹಾಕಿ ನಿಂತಿರಬೇಕು. ಸ್ಪ್ಯಾನರ್ ಎಲ್ಲಿದೆ ಅಂತ ಮನೆಯ ಎಲ್ಲರಿಗೂ ಗೊತ್ತಿರಬೇಕು. ಬಿಲ್ಲಿನ ಲೆಕ್ಕವನ್ನೂ ಮೊದಲೇ ಹಾಕಿ: ದಿನವಿಡೀ ಓಡಿದರೆ ತಿಂಗಳಿಗೆ ಸುಮಾರು 250 ಯೂನಿಟ್ ಜಾಸ್ತಿ ಬರುತ್ತದೆ. ಬಾಡಿಗೆಯವನು ಇದನ್ನು ಹೇಳುವುದಿಲ್ಲ.

ಕಾನ್ಸಂಟ್ರೇಟರ್ ಆರಿಸುವಾಗ ‘7 ಲೀಟರ್’ ಅನ್ನುವ ಚೀಟಿಗೆ ಮರುಳಾಗಬೇಡಿ. 2021ರ ಕೋವಿಡ್ ಗದ್ದಲದಲ್ಲಿ ಬಂದ ಕೆಲವು ಸಣ್ಣ ಮಶೀನುಗಳು 1 ಲೀಟರಿನಲ್ಲಿ 90 ಶೇಕಡಾ ಕೊಡುತ್ತವೆ. ಪೂರ್ತಿ ತಿರುಗಿಸಿದರೆ ಅರ್ಧಕ್ಕೂ ಇಳಿಯುತ್ತವೆ. ನಿಮಗೆ ಬೇಕಾದ ಲೀಟರಿನಲ್ಲಿ ಎಷ್ಟು ಶೇಕಡಾ ಬರುತ್ತದೆ ಅಂತ ಮೀಟರ್ ಹಚ್ಚಿ ತೋರಿಸಲು ಹೇಳಿ. 4 ಲೀಟರ್ ಬೇಕಿರುವವರಿಗೆ 5ರ ಮಶೀನ್ ತರುವುದಕ್ಕಿಂತ 10ರದ್ದನ್ನು ತರುವುದು ಜಾಣತನ, ಕಾಯಿಲೆ ಏರಿದಾಗ ಮತ್ತೆ ಓಡಾಡಬೇಕಿಲ್ಲ. ಮುಂಬೈಯ ಮಳೆಗಾಲದ ತೇವಕ್ಕೆ ಮಶೀನಿನ ಫಿಲ್ಟರ್ ಬೇಗ ಹಾಳಾಗುತ್ತದೆ. ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ. ನೀರಿನ ಬಾಟಲಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಆಗಾಗ ಚೆಲ್ಲಿ ಹೊಸದು ತುಂಬಿ.

ಹೆಗಲಿಗೆ ಹಾಕುವ ಪೋರ್ಟಬಲ್ ಮಶೀನ್ ಬೇರೆಯೇ ಸರಕು. ಹೆಚ್ಚಿನವು ಉಸಿರು ಎಳೆದಾಗ ಮಾತ್ರ ಒಂದು ಗುಟುಕು ಬಿಡುತ್ತವೆ. ಅದರ 5ನೇ ನಂಬರ್ ಅಂದರೆ 5 ಲೀಟರ್ ಅಲ್ಲ. ಓಡಾಟಕ್ಕೆ ಚೆನ್ನಾಗಿದೆ. ನಿದ್ದೆಯಲ್ಲಿ ಉಸಿರು ಮೆಲ್ಲಗಾದಾಗ ಮಶೀನಿಗೆ ಗೊತ್ತಾಗದೇ ಹೋಗಬಹುದು. ಊರಿಗೆ ಹೋಗಲು ಮಂಗಳೂರು ವಿಮಾನ ಹಿಡಿಯುವವರಿಗೆ ಇದು ಬೇಕಾಗುತ್ತದೆ, ನಿಮ್ಮ ಸಿಲಿಂಡರನ್ನು ವಿಮಾನದೊಳಗೆ ಬಿಡುವುದಿಲ್ಲ. ವಿಮಾನದೊಳಗಿನ ಗಾಳಿ 2400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟು ತೆಳುವಾಗಬಹುದು. ಮನೆಯಲ್ಲಿ 2 ಲೀಟರ್ ಸಾಕಿದ್ದವರಿಗೆ ಅಲ್ಲಿ ಸಾಲದು. ಡಾಕ್ಟರ ಪತ್ರ ಮತ್ತು ಏರ್‌ಲೈನ್ ಫಾರ್ಮ್ ಇಲ್ಲದೆ ಟಿಕೆಟ್ ತೆಗೆಯಬೇಡಿ.

ಮಾಸ್ಕಿನ ಬಗ್ಗೆ ಒಂದೇ ಮಾತು. ಮೂಗಿನ ನಳಿಕೆಯೇ ಸಾಕಾದರೆ ಅದೇ ಇರಲಿ, ಊಟ-ಮಾತು ಸಲೀಸು. ಸಾದಾ ಮುಖದ ಮಾಸ್ಕನ್ನು 5 ಲೀಟರಿಗಿಂತ ಕಡಿಮೆಯಲ್ಲಿ ಹಾಕಬಾರದು, ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ.

ಬೆಂಕಿಯ ವಿಷಯ ನಮ್ಮ ಮನೆಗಳಿಗೇ ಹೇಳಿದಂತಿದೆ. ಒಂದೇ ಖೋಲಿಯಲ್ಲಿ ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ, ಅಜ್ಜನ ಹಾಸಿಗೆ. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ, ಆದರೆ ಉರಿಯುವುದನ್ನು ಭಗ್ ಅನ್ನಿಸುತ್ತದೆ. ಬಟ್ಟೆ, ಹಾಸಿಗೆಯಲ್ಲೂ ಸೇರಿಕೊಂಡಿರುತ್ತದೆ. ದೀಪ ಬೇರೆ ಮೂಲೆಗೆ ಹೋಗಲಿ, ಬೀಡಿ ಮನೆಯಿಂದಲೇ ಹೋಗಲಿ. ಮೂಗು ಒಣಗಿತು ಅಂತ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಬೇಡಿ. ನೀರಿನ ಅಂಶದ ಜೆಲ್ ಸಿಗುತ್ತದೆ.

ಸಿಪ್ಯಾಪ್ ಮತ್ತು ಬೈಪ್ಯಾಪ್: ಜಾಸ್ತಿ ಮೋಸ ಇಲ್ಲೇ

ಎರಡೂ ನೋಡಲು ಒಂದೇ ಥರ. ಸಣ್ಣ ಪೆಟ್ಟಿಗೆ, ಉದ್ದದ ಪೈಪು, ಮಾಸ್ಕು. ಬೆಲೆ ಮಾತ್ರ ಬೇರೆ. ಹಾಗಾಗಿ ಬೈಪ್ಯಾಪ್ ಬರೆದಿದ್ದರೂ ‘ಇದೂ ಅದೇ, ಕಡಿಮೆಗೆ ಬರುತ್ತೆ’ ಅಂತ ಸಿಪ್ಯಾಪ್ ದಾಟಿಸುವವರು ಇದ್ದಾರೆ.

ಸಿಪ್ಯಾಪ್ ಒಂದೇ ಒತ್ತಡದಲ್ಲಿ ಗಾಳಿ ಊದುತ್ತದೆ. ಗಂಟಲು ಮುಚ್ಚಿಕೊಳ್ಳದಂತೆ ತಡೆಯುತ್ತದೆ. ಸಿಡ್ನಿಯ ಡಾಕ್ಟರ್ ಕಾಲಿನ್ ಸುಲಿವನ್ 1981ರಲ್ಲಿ ಇದನ್ನು ಪ್ರಕಟಿಸಿದ್ದೇ ಗೊರಕೆ ಹೊಡೆಯುತ್ತಾ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾಕ್ಕೆ. ಇವತ್ತಿಗೂ ಮನೆಯಲ್ಲಿ ಅದರ ಮುಖ್ಯ ಕೆಲಸ ಅದೇ. ಬೈಪ್ಯಾಪ್‌ಗೆ ಎರಡು ಒತ್ತಡ. ಎಳೆಯುವಾಗ ಜಾಸ್ತಿ, ಬಿಡುವಾಗ ಕಡಿಮೆ. ಈ ಎರಡರ ನಡುವಿನ ಅಂತರವೇ ಎದೆಗೆ ಬಲ ಕೊಟ್ಟು ಕಾರ್ಬನ್ ಡೈಆಕ್ಸೈಡ್ ಹೊರಗೆ ಹಾಕಿಸುವುದು. ಪಿಸಿಒ2 ಜಾಸ್ತಿ ಇರುವವರಿಗೆ ಸಿಪ್ಯಾಪ್ ಕೊಟ್ಟರೆ ಬೇಕಾದ ಕೆಲಸವೇ ನಡೆಯುವುದಿಲ್ಲ. ಸ್ನಾಯುಗಳ ಬಲ ಹೋಗುವ ಎಎಲ್‌ಎಸ್‌ನಂಥ ಕಾಯಿಲೆಯವರು ಎಸ್‌ಟಿ ಮೋಡ್ ಇದೆಯೇ ಅಂತಲೂ ನೋಡಬೇಕು. ರೋಗಿ ಉಸಿರು ಎಳೆಯುವುದನ್ನು ಮರೆತರೂ ಮಶೀನು ತಾನಾಗಿ ಕೊಡಬೇಕು.

ಇದು ದುಬಾರಿ ಆಟಿಕೆ ಅಂತ ತಿಳಿಯಬೇಡಿ. 2017ರಲ್ಲಿ ಬ್ರಿಟನ್ನಿನಿಂದ ಒಂದು ಅಧ್ಯಯನ ಬಂತು. ಆಸ್ಪತ್ರೆ ಸೇರಿ ಬಂದ ಮೇಲೂ ಕಾರ್ಬನ್ ಡೈಆಕ್ಸೈಡ್ ಇಳಿಯದ ಸಿಒಪಿಡಿ ರೋಗಿಗಳನ್ನು ನೋಡಿದರು. ಮನೆಯಲ್ಲಿ ಬರೀ ಆಕ್ಸಿಜನ್ ಇದ್ದವರಲ್ಲಿ ಅರ್ಧದಷ್ಟು ಜನ 1.4 ತಿಂಗಳೊಳಗೆ ಮತ್ತೆ ಆಸ್ಪತ್ರೆ ಸೇರಿದರು ಇಲ್ಲವೇ ತೀರಿಕೊಂಡರು. ಜೊತೆಗೆ ಈ ಥರದ ಮಶೀನು ಇದ್ದವರಲ್ಲಿ ಅದೇ ಅವಧಿ 4.3 ತಿಂಗಳು. ಕಾಯಿಲೆ ವಾಸಿಯಾಗಲಿಲ್ಲ. ಆದರೆ ಮನೆಯಲ್ಲಿ ಕಳೆಯುವ ದಿನ ಹೆಚ್ಚಿತು.

ಮಶೀನಿಗಿಂತ ಮಾಸ್ಕಿಗೆ ಜಾಸ್ತಿ ಸಮಯ ಕೊಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಅಂಗಡಿಯಲ್ಲಿ ಕೂತು ಅಲ್ಲ, ಹಾಸಿಗೆಯಲ್ಲಿ ಮಲಗಿಸಿ, ಮಶೀನು ಓಡಿಸಿ ನೋಡಬೇಕು. ಹಲ್ಲಿನ ಸೆಟ್ ತೆಗೆದಾಗ ಕೆನ್ನೆ ಒಳಗೆ ಹೋಗಿ ಗಾಳಿ ಸೋರುತ್ತದೆ. ಬಾಯಿ ಬಿಟ್ಟು ಮಲಗುವವರಿಗೆ ಮೂಗಿನ ಮಾಸ್ಕ್ ಆಗುವುದಿಲ್ಲ. ಪಟ್ಟಿ ಬಿಗಿದಷ್ಟೂ ಒಳ್ಳೆಯದು ಅಂತ ಬಿಗಿದರೆ ಎರಡೇ ದಿನದಲ್ಲಿ ಮೂಗಿನ ಮೇಲೆ ಹುಣ್ಣು, ಆಮೇಲೆ ರೋಗಿ ಮಶೀನನ್ನೇ ಬೇಡ ಅನ್ನುತ್ತಾರೆ. ಮನೆಯ ಬೈಪ್ಯಾಪಿನ ಮಾಸ್ಕಿನಲ್ಲಿ ಸಣ್ಣ ತೂತುಗಳು ಇರುತ್ತವೆ. ಬಿಟ್ಟ ಉಸಿರು ಹೊರಗೆ ಹೋಗುವುದೇ ಅಲ್ಲಿಂದ. ಸೋರುತ್ತಿದೆ ಅಂದುಕೊಂಡು ಟೇಪ್ ಅಂಟಿಸಬೇಡಿ. ಆಸ್ಪತ್ರೆಯಿಂದ ತಂದ, ತೂತಿಲ್ಲದ ಮಾಸ್ಕನ್ನು ಮನೆಯ ಮಶೀನಿಗೆ ಹಾಗೇ ಜೋಡಿಸಲೂ ಬೇಡಿ.

ವಾಂತಿ ಆಗುತ್ತಿರುವವರಿಗೆ, ಪ್ರಜ್ಞೆ ಇಲ್ಲದವರಿಗೆ, ಕಫ ತುಂಬಿ ಉಗುಳಲಾಗದವರಿಗೆ ಮನೆಯಲ್ಲಿ ಬೈಪ್ಯಾಪ್ ಅಪಾಯ. ತನ್ನ ಕೈಯಿಂದ ಮಾಸ್ಕ್ ಕಿತ್ತು ಹಾಕಲಾರದವರ ಪಕ್ಕ ಯಾರಾದರೂ ಎಚ್ಚರ ಇರಲೇಬೇಕು. ಮಾಸ್ಕ್ ಹಾಕಿಕೊಂಡೇ ಗಂಜಿ ಕುಡಿಸುವುದು ಬೇಡವೇ ಬೇಡ.

ಐಸಿಯುವಿನಲ್ಲಿ ಕೇಳುವ ಪ್ರಶ್ನೆ

ಒಮ್ಮೊಮ್ಮೆ ಆಯ್ಕೆ ಮನೆಯಲ್ಲಿ ಅಲ್ಲ, ಐಸಿಯು ಬಾಗಿಲಲ್ಲಿ ಬರುತ್ತದೆ. ‘ಟ್ಯೂಬ್ ಹಾಕಬೇಕಾಗಬಹುದು, ಸಹಿ ಮಾಡಿ.’ ಅಂದರೆ ಬಾಯಿಯಿಂದ ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿ ವೆಂಟಿಲೇಟರಿಗೆ ಜೋಡಿಸುವುದು. ಅದಕ್ಕೂ ಮೊದಲಿನ ಮೆಟ್ಟಿಲು ಎರಡು. ಒಂದು ಹೈ ಫ್ಲೋ: ಬೆಚ್ಚಗೆ ಮಾಡಿ, ತೇವ ಸೇರಿಸಿದ ಆಕ್ಸಿಜನ್ನನ್ನು ನಿಮಿಷಕ್ಕೆ 60 ಲೀಟರಿನವರೆಗೆ ಮೂಗಿಗೆ ಹರಿಸುವುದು. ಇನ್ನೊಂದು ಬೈಪ್ಯಾಪ್. ನ್ಯುಮೋನಿಯಾದಂಥ, ಆಕ್ಸಿಜನ್ ಮಾತ್ರ ಇಳಿಯುವ ಕಾಯಿಲೆಗೆ ಹೈ ಫ್ಲೋ ಒಗ್ಗುತ್ತದೆ. ರೋಗಿ ಮಾತಾಡಬಹುದು, ನೀರು ಕುಡಿಯಬಹುದು. ಸಿಒಪಿಡಿ ಕೆರಳಿ ಕಾರ್ಬನ್ ಡೈಆಕ್ಸೈಡ್ ಏರಿದಾಗ ಬೈಪ್ಯಾಪ್ ಮೊದಲ ಆಯ್ಕೆ. ಎರಡರಲ್ಲೂ ಮೊದಲ ಕೆಲವು ಗಂಟೆಗಳೇ ಮುಖ್ಯ. ಸುಧಾರಣೆ ಇಲ್ಲದಿದ್ದರೂ ‘ಟ್ಯೂಬ್ ಮಾತ್ರ ಬೇಡ’ ಅಂತ ಎಳೆದಾಡಿದರೆ, ಕೊನೆಗೆ ಪೂರ್ತಿ ಸೋತ ಮೇಲೆ ಟ್ಯೂಬ್ ಹಾಕಬೇಕಾಗುತ್ತದೆ. ಆಗ ಅಪಾಯ ಇನ್ನೂ ಹೆಚ್ಚು.

‘ವೆಂಟಿಲೇಟರ್ ಹಾಕಿದರೆ ಮತ್ತೆ ತೆಗೆಯೋದಿಲ್ಲವಂತೆ’ ಅನ್ನುವ ಮಾತು ನಮ್ಮವರಲ್ಲಿ ಬೇರುಬಿಟ್ಟಿದೆ. ದಿನಾ ತೆಗೆಯುತ್ತೇವೆ. ನಿದ್ದೆಯ ಔಷಧ ಇಳಿಸಿ, ರೋಗಿ ತಾನಾಗಿ ಉಸಿರಾಡುವುದನ್ನು ಪರೀಕ್ಷಿಸಿ, ತೆಗೆಯುವುದೇ ಪದ್ಧತಿ. ವೆಂಟಿಲೇಟರ್ ಕಾಯಿಲೆ ವಾಸಿ ಮಾಡುವುದಿಲ್ಲ, ವಾಸಿಯಾಗಲು ಸಮಯ ಕೊಡುತ್ತದೆ. ಮಶೀನಿಗಿಂತ ಅದನ್ನು ನಡೆಸುವ ಕೈ ಮುಖ್ಯ. ಎಆರ್‌ಡಿಎಸ್, ಅಂದರೆ ಶ್ವಾಸಕೋಶ ಎರಡೂ ಊತದಿಂದ ದಿಢೀರ್ ಸೋಲುವ ಸ್ಥಿತಿಯ ರೋಗಿಗಳಿಗೆ ಸಣ್ಣ ಸಣ್ಣ ಉಸಿರು ಕೊಟ್ಟರೆ ಸಾವು ಕಡಿಮೆ ಅಂತ 2000ದಲ್ಲಿ ಗೊತ್ತಾಯಿತು: ಸುಮಾರು 40 ಶೇಕಡಾ ಇದ್ದದ್ದು 31ಕ್ಕೆ ಇಳಿಯಿತು. ತೀವ್ರ ಸ್ಥಿತಿಯವರನ್ನು ದಿನಕ್ಕೆ 16 ಗಂಟೆಯಷ್ಟು ಬೋರಲು ಮಲಗಿಸಿದರೆ 28 ದಿನದೊಳಗಿನ ಸಾವು 33ರಿಂದ 16 ಶೇಕಡಾಕ್ಕೆ ಇಳಿಯಿತು ಅಂತ 2013ರಲ್ಲಿ ಬಂತು. ಹಾಗಾಗಿ ಆಸ್ಪತ್ರೆ ಆರಿಸುವಾಗ ವೆಂಟಿಲೇಟರ್ ಎಷ್ಟಿವೆ ಅಂತಲ್ಲ, ರಾತ್ರಿ ಒಬ್ಬ ನರ್ಸಿಗೆ ಎಷ್ಟು ರೋಗಿಗಳು, ಐಸಿಯು ಡಾಕ್ಟರ್ ರಾತ್ರಿ ಒಳಗೇ ಇರುತ್ತಾರಾ ಅಂತ ಕೇಳಿ.

ಸಹಿ ಮಾಡುವ ಮೊದಲು ಕೇಳಬೇಕಾದ್ದು ಇನ್ನೊಂದಿದೆ. ಈ ಟ್ಯೂಬ್ ಯಾವುದನ್ನು ದಾಟಲು? ನ್ಯುಮೋನಿಯಾ ಅಂತಾದರೆ ದಾಟುವ ದಡ ಇದೆ. ಎಲ್ಲೆಡೆ ಹರಡಿದ ಕ್ಯಾನ್ಸರ್, ಕೊನೆ ಮುಟ್ಟಿದ ಫೈಬ್ರೋಸಿಸ್ ಅಂತಾದರೆ ಉತ್ತರ ಬೇರೆ. ಖಚಿತ ಗೊತ್ತಿಲ್ಲದಿದ್ದರೆ ‘ಮೂರು-ನಾಲ್ಕು ದಿನ ನೋಡೋಣ, ಆಮೇಲೆ ಮತ್ತೆ ಕೂತು ಮಾತಾಡೋಣ’ ಅಂತ ಡಾಕ್ಟರ ಜೊತೆ ಮೊದಲೇ ಮಾತಾಗಲಿ.

ಹಣದ ಮಾತನ್ನೂ ಆಡಲೇಬೇಕು. ಬಾಂಬೆ ಹೈಕೋರ್ಟಿನ 2006ರ ಯೋಜನೆಯಂತೆ ಮಹಾರಾಷ್ಟ್ರದ ಚಾರಿಟೇಬಲ್ ಟ್ರಸ್ಟ್ ಆಸ್ಪತ್ರೆಗಳು 10 ಶೇಕಡಾ ಹಾಸಿಗೆಗಳನ್ನು ತೀರಾ ಬಡವರಿಗೆ ಉಚಿತವಾಗಿ, ಇನ್ನೊಂದು 10 ಶೇಕಡಾವನ್ನು ಕಡಿಮೆ ಆದಾಯದವರಿಗೆ ರಿಯಾಯಿತಿಯಲ್ಲಿ ಇಡಬೇಕು. ದೊಡ್ಡ ದೊಡ್ಡ ಹೆಸರಿನ ಆಸ್ಪತ್ರೆಗಳೂ ಇದರಲ್ಲಿವೆ. ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಬೇಡಿ, ಮೆಡಿಕಲ್ ಸೋಶಿಯಲ್ ವರ್ಕರ್ ಹತ್ತಿರ ಹೋಗಿ. ಆದಾಯದ ಸರ್ಟಿಫಿಕೇಟ್, ರೇಷನ್ ಕಾರ್ಡ್ ಕೈಯಲ್ಲಿರಲಿ.

ಗಂಟಲಿನ ಟ್ಯೂಬು, ಮನೆಯ ಐಸಿಯು

ಬಾಯಿಯ ಟ್ಯೂಬು ಒಂದೆರಡು ವಾರ ದಾಟುವಂತಿದ್ದರೆ ಟ್ರಕಿಯಾಸ್ಟಮಿ, ಅಂದರೆ ಕತ್ತಿನ ಮುಂದೆ ತೂತು ಮಾಡಿ ನೇರ ಶ್ವಾಸನಾಳಕ್ಕೆ ಟ್ಯೂಬ್ ಹಾಕುವ ಮಾತು ಬರುತ್ತದೆ. ‘ಗಂಟಲು ಕೊಯ್ಯುವುದು’ ಅಂತ ಮನೆಯವರು ಹೆದರುತ್ತಾರೆ. ರೋಗಿಗೆ ನಿಜಕ್ಕೂ ಇದೇ ಹಗುರ. ಬಾಯಿ ಬಿಡುವಾಗುತ್ತದೆ, ನಿದ್ದೆಯ ಔಷಧ ಕಡಿಮೆಯಾಗುತ್ತದೆ, ಮುಂದೆ ಕೆಲವರು ವಾಲ್ವ್ ಹಾಕಿ ಮಾತನ್ನೂ ಆಡುತ್ತಾರೆ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹರಡಿದಾಗ ಬ್ಯೋರ್ನ್ ಇಬ್ಸೆನ್ ಅನ್ನುವ ಡಾಕ್ಟರು ಗಂಟಲಿಗೆ ಹೀಗೇ ಟ್ಯೂಬ್ ಹಾಕಿಸಿದರು. ಮೆಡಿಕಲ್ ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು ಹಗಲೂರಾತ್ರಿ ಕೈಯಿಂದ ಚೀಲ ಒತ್ತಿ ಉಸಿರು ಕೊಟ್ಟರು. ಇವತ್ತಿನ ಐಸಿಯು ಹುಟ್ಟಿದ್ದು ಅಲ್ಲಿಂದ.

ಟ್ರಕಿಯಾಸ್ಟಮಿಯ ರೋಗಿಯನ್ನು ಮನೆಗೆ ಒಯ್ಯುವುದೋ, ಸಣ್ಣ ನರ್ಸಿಂಗ್ ಹೋಮಿನಲ್ಲಿ ಇಡುವುದೋ? ‘ಹೋಮ್ ಐಸಿಯು’ ಪ್ಯಾಕೇಜಿನ ಜಾಹೀರಾತು ನೋಡಿ ತೀರ್ಮಾನ ಬೇಡ. ವೆಂಟಿಲೇಟರ್ ಬಾಡಿಗೆಗೆ ಸಿಗುತ್ತದೆ, ಆದರೆ ಬೆಳಗಿನ ಮೂರಕ್ಕೆ ಕಫ ಕಟ್ಟಿದಾಗ ಸಕ್ಷನ್ ಮಾಡುವ ಕೈ ಮನೆಯದೇ ಆಗಿರಬೇಕು. ಮನೆಯ ಇಬ್ಬರು ಆಸ್ಪತ್ರೆಯಲ್ಲೇ ಕಲಿತು, ನರ್ಸಿನ ಎದುರು ಮಾಡಿ ತೋರಿಸಿದ ಮೇಲೇ ಹೊರಡಿ. ಸಕ್ಷನ್ ಮಶೀನ್, ಕೈಯಿಂದ ಒತ್ತುವ ಆಂಬು ಬ್ಯಾಗ್, ಅದೇ ಅಳತೆಯ ಒಂದು ಮತ್ತು ಒಂದು ಅಳತೆ ಚಿಕ್ಕದಾದ ಇನ್ನೊಂದು ಟ್ರಕಿಯಾ ಟ್ಯೂಬ್, ಕರೆಂಟಿನ ಬದಲಿ ವ್ಯವಸ್ಥೆ. ಇವು ಇಲ್ಲದೆ ಬೇಡ. ಒಬ್ಬರೇ ದುಡಿಯುವ, ಒಬ್ಬರೇ ನೋಡಿಕೊಳ್ಳುವ ಮನೆಯಾದರೆ ನರ್ಸಿಂಗ್ ಹೋಮೇ ಮೇಲು. ನೆಂಟರು ಏನನ್ನುತ್ತಾರೆ ಅಂತ ಯೋಚಿಸಬೇಡಿ.

ಊರಿಂದ ಬಂದ ಅಜ್ಜಿಗೆ ಹಿಂದಿ ಬಾರದು, ನೋಡಿಕೊಳ್ಳುವ ಮಾವ್ಶಿಗೆ ಕನ್ನಡ ಬಾರದು. ಟ್ಯೂಬ್ ಇದ್ದಾಗ ಮಾತೂ ಇಲ್ಲ. ಒಂದು ರಟ್ಟಿನ ಮೇಲೆ ‘ಕಫ’, ‘ನೋವು’, ‘ನೀರು’, ‘ಮಗ್ಗುಲು’, ‘ಸೆಕೆ’ ಅಂತ ದೊಡ್ಡದಾಗಿ ಕನ್ನಡದಲ್ಲಿ ಬರೆದು, ಕೆಳಗೆ ಮರಾಠಿಯಲ್ಲೂ ಬರೆಯಿರಿ. ಓದು ಬರದವರಿಗೆ ಚಿತ್ರ ಬಿಡಿಸಿ.

ಮಶೀನು ಬೇಡ ಅನ್ನುವುದೂ ಒಂದು ಆಯ್ಕೆ

ಕೊನೆಯ ಹಂತದವರಿಗೆ ಉಸಿರುಗಟ್ಟುವ ಸಂಕಟ ಇಳಿಸಲು ದಾರಿಗಳಿವೆ. ಮುಖಕ್ಕೆ ಬೀಸುವ ಸಣ್ಣ ಫ್ಯಾನು, ತಲೆದಿಂಬು ಏರಿಸಿ ಕೂರಿಸುವುದು, ಡಾಕ್ಟರು ಅಳೆದು ಕೊಡುವ ಸಣ್ಣ ಪ್ರಮಾಣದ ಮಾರ್ಫಿನ್. ಸ್ಯಾಚುರೇಷನ್ ಸರಿಯಿದ್ದೂ ಏದುಸಿರು ಬಿಡುವವರಿಗೆ ಆಕ್ಸಿಜನ್‌ಗಿಂತ ಇವೇ ಜಾಸ್ತಿ ಕೆಲಸ ಮಾಡುತ್ತವೆ. ಪರೇಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸಂಕಟ ಇಳಿಸುವುದನ್ನೇ ನೋಡುವ ಪ್ಯಾಲಿಯೇಟಿವ್ ವಿಭಾಗ ಇದೆ. ಬಾಂದ್ರಾದ ಶಾಂತಿ ಅವೇದನಾ ಸದನ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗಾಗಿ 1986ರಿಂದ ಇದೆ. ದೇಶದ ಮೊದಲ ಹಾಸ್ಪಿಸ್, ಅಂದರೆ ಕೊನೆಯ ದಿನಗಳ ಆರೈಕೆಯ ಮನೆ, ಅದು.

ಗುಣವಾಗುವ ಆಸೆ ಇಲ್ಲದಾಗ ವೆಂಟಿಲೇಟರ್ ಬೇಡ ಅಂತ ಮೊದಲೇ ಬರೆದಿಡುವುದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿಗೆ ಕೊಟ್ಟಿತು, 2023ರಲ್ಲಿ ಅದರ ವಿಧಾನ ಸುಲಭ ಮಾಡಿತು. ಈಗ ಮ್ಯಾಜಿಸ್ಟ್ರೇಟರ ಸಹಿಗೆ ಓಡಬೇಕಿಲ್ಲ. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಆಮೇಲೆ ಆಸ್ಪತ್ರೆಯಲ್ಲಿ ಮೂವರು ಡಾಕ್ಟರುಗಳ ಎರಡು ಮಂಡಳಿಗಳು ನೋಡಿ ತೀರ್ಮಾನಿಸುತ್ತವೆ. ರೋಗಿಗೆ ಬುದ್ಧಿ ಚುರುಕಿರುವಾಗಲೇ, ಉಸಿರು ಸಲೀಸಿರುವ ಒಂದು ಮಧ್ಯಾಹ್ನ ಈ ಮಾತು ಎತ್ತಿ. ಬರೆದ ಕಾಗದದ ಒಂದು ಪ್ರತಿ ಫ್ಯಾಮಿಲಿ ಡಾಕ್ಟರ ಹತ್ತಿರ, ಒಂದು ಕಾಗದದಲ್ಲಿ ಹೆಸರಿಸಿದವರ ಹತ್ತಿರ, ಒಂದು ಮಹಾನಗರಪಾಲಿಕೆ ಇದಕ್ಕಾಗಿ ನೇಮಿಸಿದ ಅಧಿಕಾರಿಯ ಹತ್ತಿರ ಇರಲಿ. ಇನ್ನೊಂದನ್ನು ಆಸ್ಪತ್ರೆಗೆ ಒಯ್ಯುವ ಫೈಲಿನ ಮೊದಲ ಹಾಳೆಯಾಗಿ, ಎಬಿಜಿ ರಿಪೋರ್ಟಿನ ಮೇಲೆ ಪಿನ್ ಮಾಡಿ.